ಬಡಗಿಗೆ ಇಂಟರ್ವ್ಯೂ ಪಾಠ

"ಮಧ್ಯೆ ಬಾಯಿ ಹಾಕಬೇಡಿ ಅಣ್ಣ, ಮೊದಲು ನಾನು ಹೇಳೋದು ಕೇಳಿ!" ಕಿಟಕಿಯ ಹಿಂದಿನಿಂದ ಅಕ್ಕ ಗದರಿದಳು.

ಬಡಗಿ ಬಾಯಿ ಮುಚ್ಚಿದ. ತೆರೆದ ಬಾಯಿಯನ್ನು ಮೂರು ದಿನಗಳಿಂದ ಅವನು ಹೀಗೆಯೇ ಮುಚ್ಚುತ್ತ ಬಂದಿದ್ದ.

ಹೊರದೇಶದಲ್ಲಿ ದುಡಿದು ಮರಳಿದವರಿಗೆ ಕೆಲಸ ಕೊಡಿಸಲು ಸರ್ಕಾರ ತೆರೆದ ಆ ಕಚೇರಿಗೆ ಎರಡು ಕಿಟಕಿ. ಕೆಲಸ ಕೇಳುವವರ ಕಿಟಕಿಯ ಮುಂದೆ ಬೆಳಗಿನಿಂದಲೇ ಸಾಲು. ಕೆಲಸ ಕೊಡುವವರ ಕಿಟಕಿಯತ್ತ ವರ್ಷದಿಂದ ಒಂದು ನರಪಿಳ್ಳೆಯೂ ಸುಳಿದಿರಲಿಲ್ಲ. ಅಕ್ಕ ಅದನ್ನು ಮುಚ್ಚಿ, ಹಳೆಯ ಕಡತಗಳನ್ನು ಅಡ್ಡ ಪೇರಿಸಿದ್ದಳು.

ಅಕ್ಕನೆಂದರೆ ಕಿಟಕಿಯ ಹಿಂದಿನ ಗುಮಾಸ್ತೆ. ಎಲ್ಲರಿಗೂ ಅವಳು ಅಕ್ಕನೇ. ಅವಳೂ ಹೊರದೇಶದ ಹೋಟೆಲೊಂದರಲ್ಲಿ ಹನ್ನೊಂದು ವರ್ಷ ಗಿರಾಕಿಗಳನ್ನು ಸಂಭಾಳಿಸಿ ಬಂದವಳು. ಇಲ್ಲಿ ತಾತ್ಕಾಲಿಕ ಕೆಲಸ. ತಿಂಗಳೊಳಗೆ ಒಬ್ಬರಿಗಾದರೂ ಕೆಲಸ ಕೊಡಿಸದಿದ್ದರೆ ಕಚೇರಿಗೆ ಬೀಗ ಎಂದು ಮೇಲಿನಿಂದ ಪತ್ರ ಬಂದಿತ್ತು. ಇವತ್ತೇ ಕೊನೆಯ ದಿನ.

ಆಸೆಯೆಲ್ಲ ಈ ಬಡಗಿಯ ಮೇಲೆ. ಹೊರದೇಶದಲ್ಲಿ ಹದಿನಾರು ವರ್ಷ ಪಳಗಿದ ಕೈ. ಆದರೆ ಆಸಾಮಿಗೆ ಕೆಲಸದ ಚಿಂತೆಯೇ ಇದ್ದಂತಿಲ್ಲ! ಅರ್ಜಿ ತುಂಬುವುದಿಲ್ಲ. ಸಾಲಿನಲ್ಲಿ ನಿಂತವರ ಜೊತೆ ಹರಟುತ್ತಾನೆ, ಯಾರಿಗೆ ಏನು ಬರುತ್ತದೆಂದು ವಿಚಾರಿಸುತ್ತಾನೆ, ತನ್ನ ಸರದಿ ಬಂದರೆ ಹಿಂದಿನವರನ್ನು ಮುಂದೆ ಬಿಡುತ್ತಾನೆ.

"ಇಂಟರ್ವ್ಯೂ ಅಂದ್ರೆ ಭಯಾನಾ?" ಅಕ್ಕ ಕೇಳಿದಳು.

"ಅಭ್ಯಾಸ ಇಲ್ಲ ಅಕ್ಕ. ಏನು ಕೇಳ್ಬೇಕೋ, ಹೇಗೆ ಕೇಳ್ಬೇಕೋ..."

"ಕೇಳೋದು ಅವರು, ಹೇಳೋದು ನೀವು! ಅಯ್ಯೋ, ನಾನೇ ಮಾಡಿ ತೋರಿಸ್ತೀನಿ. ನೀವು ಮಾಲೀಕರು, ನಾನು ಕೆಲಸ ಕೇಳೋಕೆ ಬಂದೋಳು. ಹೂಂ, ಶುರು ಮಾಡಿ."

ಬಡಗಿ ಗಂಟಲು ಸರಿಮಾಡಿಕೊಂಡ. "ಗಿರಾಕಿ ಸಿಟ್ಟಾಗಿ ಬಂದ್ರೆ ಏನ್ಮಾಡ್ತೀರಿ?"

"ಕೂರಿಸಿ ನೀರು ಕೊಡ್ತೀನಿ. ಅವರ ಮಾತು ಮುಗಿಯೋವರೆಗೂ ತುಟಿ ಪಿಟಕ್ ಅನ್ನಲ್ಲ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಕೆಲಸದವರು ಏಳು ಜನ ಒಟ್ಟಿಗೆ ಜಗಳಕ್ಕೆ ನಿಂತ್ರೆ?"

"ಮಾತಲ್ಲಿ ನನ್ನ ಗೆಲ್ಲೋರು ಇನ್ನೂ ಹುಟ್ಟಿಲ್ಲ!"

"ಅದು ಮೂರು ದಿನದಿಂದ ನೋಡ್ತಿದೀನಿ. ಸಂಬಳ?"

ಅಕ್ಕ ತನಗೆ ಇಲ್ಲಿ ಬರುವುದರ ಎರಡರಷ್ಟು ಹೇಳಿ, ಗತ್ತಿನಿಂದ ಕುರ್ಚಿಗೆ ಒರಗಿದಳು. "ಹೀಗೆ ತಲೆ ಎತ್ತಿ ಕೇಳ್ಬೇಕು. ಗೊತ್ತಾಯ್ತಾ?"

ಬಡಗಿ ತಲೆಯಾಡಿಸಿದ. ಸಾಲಿನತ್ತ ತಿರುಗಿ ಒಬ್ಬೊಬ್ಬರನ್ನೇ ತೋರಿಸುತ್ತ ಏಳು ಜನರನ್ನು ಎಣಿಸಿದ.

"ಇವರನ್ನ ನಾಳೆ ನಾನು ಹೊಸದಾಗಿ ತೆರೆದಿರೋ ಮರಗೆಲಸದ ಕಾರ್ಖಾನೆಗೆ ಕಳಿಸಿ ಅಕ್ಕ. ಆ ಕಿಟಕಿ ಮುಚ್ಚಿತ್ತಲ್ಲ, ಅದಕ್ಕೇ ಈ ಸಾಲಲ್ಲಿ ನಿಂತೆ."

ಅಕ್ಕ ಎದ್ದು, ಮುಚ್ಚಿದ ಕಿಟಕಿಗೆ ಅಡ್ಡವಿದ್ದ ಕಡತಗಳನ್ನು ಕೆಳಗಿಳಿಸತೊಡಗಿದಳು. ಖುಷಿಗೆ ಕಣ್ಣು ತುಂಬಿಬಂತು.

"ಕಾರ್ಖಾನೆ ಮುಂದಿನ ಅಂಗಡಿ ನೋಡ್ಕೊಳ್ಳೋರೂ ಒಬ್ಬರು ಬೇಕಿತ್ತು," ಎಂದ ಬಡಗಿ, "ನೀವು ಕೇಳಿದ ಸಂಬಳ ನನಗೆ ಒಪ್ಪಿಗೆ."