ಬಾಗಿನದ ಹೊತ್ತು

ಅಣೆಕಟ್ಟು ತುಂಬಿ ನಿಂತಿತ್ತು. ‘ನಾನು ಬಂದು ಬಾಗಿನ ಕೊಟ್ಟು ಬಟನ್ ಒತ್ತೋವರೆಗೂ ಗೇಟು ಮುಟ್ಟಬೇಡಿ’ ಎಂದು ಮಂತ್ರಿಗಳು ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದರು. ಮಧ್ಯಾಹ್ನವಾದರೂ ಅವರ ಸುಳಿವಿಲ್ಲ. ಒಳಹರಿವು ಏರುತ್ತಲೇ ಇತ್ತು. ಇನ್ನೂ ಕಾದು ಒಮ್ಮೆಲೇ ನೀರು ಬಿಟ್ಟರೆ ಕೆಳಗಿನ ಊರುಗಳು ಮುಳುಗುತ್ತವೆಂದು ಇಂಜಿನಿಯರ್ ಜಯಶೀಲಾಳಿಗೆ ಗೊತ್ತಿತ್ತು. ಸೈರನ್ ಕೂಗಿಸಿ ನದಿದಂಡೆಯವರನ್ನು ಎಚ್ಚರಿಸಿ, ಗೇಟು ಎತ್ತಿಸಿಯೇಬಿಟ್ಟಳು.

ಸಂಜೆ ಮಂತ್ರಿಗಳು ಕಾರಿನಿಂದಿಳಿದಾಗ ನೀರು ಭೋರ್ಗರೆಯುತ್ತಿತ್ತು. ಅವರ ಮುಖ ಕೆಂಪಾಯಿತು.

‘ಯಾರಮ್ಮ ತೆಗೆದಿದ್ದು?’

ವರ್ಗಾವಣೆ ಖಾತ್ರಿಯೆಂದುಕೊಂಡೇ ಜಯಶೀಲಾ ಮುಂದೆ ಬಂದು ಹೇಳಿದಳು:

‘ನೀವೇ ಸರ್. ಮಂತ್ರಿಗಳು ಸಮಯಕ್ಕೆ ಸರಿಯಾಗಿ ನೀರು ಬಿಡಿಸಿ ಊರುಗಳನ್ನ ಉಳಿಸಿದ್ರು ಅಂತ ಟೀವಿಯವರಿಗೆ ಹೇಳ್ಬಿಟ್ಟಿದೀನಿ.’

ಅಷ್ಟರಲ್ಲಿ ಕ್ಯಾಮೆರಾದವರು ಇತ್ತಲೇ ಓಡಿಬರುತ್ತಿದ್ದರು. ಮಂತ್ರಿಗಳು ಶಾಲು ಸರಿಪಡಿಸಿಕೊಂಡು, ಅವಳ ಕಡೆ ಬಾಗಿ ಮೆಲ್ಲಗೆ ಕೇಳಿದರು:

‘ಎಷ್ಟು ಗೇಟು ತೆಗೆದೆ ನಾನು?’