ಓಝೆಲ್ಲಾಳ ಕೈ

"ಈಗ ನಿಮ್ಮ ಮುಂದೆ, ಮಿಮೋಸೆಟ್ಸ್!" ಎಂದು ಮೈಕಿನಲ್ಲಿ ಕೂಗಿದಾಗ, ಮಿಮೋಸೆಟ್ಸ್ ಹಾಡುಗಾರ್ತಿಯರಲ್ಲಿ ಬದುಕಿ ಉಳಿದಿದ್ದ ಒಬ್ಬಳೇ ಒಬ್ಬಳು ಮುಂದಿನ ಸಾಲಿನ ಮಡಚುಕುರ್ಚಿಯಲ್ಲಿ ಕುಳಿತು ಕರಿದ ಮೀನಿನ ಮುಳ್ಳು ಬಿಡಿಸುತ್ತಿದ್ದಳು. ಫಿಲಡೆಲ್ಫಿಯಾದ ಆ ಪಾರ್ಕಿನಲ್ಲಿ ಯಾರಿಗೂ ಅವಳ ಗುರುತು ಹತ್ತಿರಲಿಲ್ಲ. ವೇದಿಕೆಗೆ ಮೂವರು ಹುಡುಗಿಯರು ಓಡಿಬಂದರು. ಹಳದಿ ಗೌನು, ಮೊಣಕೈವರೆಗೆ ಬಿಳಿ ಕೈಗವಸು, ತಲೆಯ ಮೇಲೆ ಗೋಪುರದಂಥ ವಿಗ್.

"ನಾನಿನ್ನೂ ಸತ್ತಿಲ್ಲ, ಆಗಲೇ ನಮ್ಮ ಹೆಸರು ಹಾಕ್ಕೊಂಡು ಕುಣೀತಿದಾವೆ ನೋಡು," ಎಂದಳು ವರ್ಡೆಲ್.

"ಮೊದಲು ಮೀನು ತಿನ್ನು ಚಿಕ್ಕಮ್ಮ. ಜಗಳ ಆಮೇಲೆ." ಹೀಗೆಂದದ್ದು ಶರೀಸ್, ಅಕ್ಕ ಓಝೆಲ್ಲಾಳ ಮಗಳು.

"ಜಗಳ ಯಾಕೇ? ಹಾಡು ಮುಗೀಲಿ, ಹಿಂದೆ ಹೋಗಿ ಒಂದೇ ಮಾತು. ಆ ಹೆಸರು ಬಿಚ್ಚಿಡ್ರಮ್ಮ ಅಂತ. ನಿಮ್ಮಮ್ಮ ಇದ್ದಿದ್ರೆ ಮಾತೂ ಇಲ್ಲ, ಈ ಊರುಗೋಲೇ."

ಪಲ್ಲವಿ ಬಂತು. ಮೂವರೂ ಒಟ್ಟಿಗೆ ತಲೆ ವಾಲಿಸಿ, ಬಲಗೈಯನ್ನು ಕಿವಿಯ ಮೇಲೊತ್ತಿ, ಮೇಲಿನ ಸ್ವರವನ್ನು ಹಿಡಿದು ನಿಂತರು. ಹಿಂದಿನಿಂದ ಸಿಳ್ಳೆ ಕೇಳಿತು. ವರ್ಡೆಲ್ಲಳ ಕೈಯಲ್ಲಿದ್ದ ಮೀನು ಬಾಯಿಯವರೆಗೆ ಬಂದು ಅಲ್ಲೇ ನಿಂತಿತು.

ಆ ಕೈ ಓಝೆಲ್ಲಾಳದು. ಆ ಕಾಲದಲ್ಲಿ ಅಕ್ಕತಂಗಿಯರ ತಂಡವನ್ನು ಟೀವಿಯವರು ಕರೆದದ್ದು ಒಂದೇ ಸಲ. ಅತ್ತೆಯ ಬ್ಯೂಟಿ ಪಾರ್ಲರಿನಿಂದ ಕಡ ತಂದ ವಿಗ್ಗಿಗೆ ಪಿನ್ನು ಸಾಲದೆ, ಸರಿಯಾಗಿ ಪಲ್ಲವಿಯ ಹೊತ್ತಿಗೆ ಅದು ಜಾರತೊಡಗಿತ್ತು. ಓಝೆಲ್ಲಾ ತಲೆ ವಾಲಿಸಿದಳು, ಕಿವಿಯ ಮೇಲೆ ಅದನ್ನು ಅಂಗೈಯಲ್ಲಿ ಒತ್ತಿ ಹಿಡಿದಳು, ಸ್ವರ ಮಾತ್ರ ಬಿಡಲಿಲ್ಲ. ವಾಪಸು ಬರುವಾಗ ಬಸ್ಸಿನುದ್ದಕ್ಕೂ ಅತ್ತಿದ್ದಳು. "ಊರೆಲ್ಲಾ ನೋಡ್ಬಿಡ್ತು ಕಣೇ." ಮತ್ತೆ ಟೀವಿಯವರು ಕರೆಯಲಿಲ್ಲ. ರೆಕಾರ್ಡ್ ಕಂಪನಿಯವರು ಬೇರೆ ಹುಡುಗಿಯರ ಹಿಂದೆ ಹೋದರು. ಹೋದ ವರ್ಷ ಆಸ್ಪತ್ರೆಯ ಮಂಚದ ಮೇಲೂ ಅವಳು ಹೇಳಿದ್ದು ಅದನ್ನೇ: "ನನ್ನ ದೆಸೆಯಿಂದ ನಿಮ್ಮೆಲ್ಲರ ಹಾಡೂ ಹೋಯ್ತು, ವರ್ಡೀ."

ಹಾಡು ಮುಗಿದ ಮೇಲೆ ವೇದಿಕೆಯ ಹಿಂದೆ ನಿಂಬೆ ಪಾನಕ ಕುಡಿಯುತ್ತಿದ್ದ ನಡುವಿನ ಹುಡುಗಿ, ಜನೇಯಾ, ವರ್ಡೆಲ್ಲಳ ಮುಖ ಕಂಡದ್ದೇ ಲೋಟ ಕೆಳಗಿಟ್ಟಳು.

"ನೀವು... ಎಡಗಡೆ ನಿಂತ್ಕೊಳ್ತಿದ್ರಲ್ಲ! ಉದ್ದ ಕಾಲಿನ ವರ್ಡೆಲ್ಲಮ್ಮ!"

"ಆಗ ಎರಡಿದ್ವು. ಈಗ ಮೂರು," ಎಂದು ವರ್ಡೆಲ್ ಊರುಗೋಲು ತೋರಿಸಿದಳು.

ಹುಡುಗಿ ನಗಲಿಲ್ಲ. "ಯಾರೂ ಉಳಿದಿಲ್ಲ ಅಂದ್ರು ಅಮ್ಮಾ. ಇದ್ದೀರಿ ಅಂತ ಗೊತ್ತಿದ್ರೆ ಬಂದು ಕೇಳ್ತಿದ್ವಿ. ನಮ್ದು ತಪ್ಪೇ."

ಶರೀಸ್ ಕೈಕಟ್ಟಿ ಕಾದು ನಿಂತಳು. ಚಿಕ್ಕಮ್ಮ ಈಗ ಶುರು ಮಾಡುತ್ತಾಳೆ ಎಂದುಕೊಂಡಳು.

"ಆ ಕೈ ಎಲ್ಲಿ ಕಲ್ತೆ?" ಎಂದಳು ವರ್ಡೆಲ್.

"ಟೀವಿಯಲ್ಲಿ ಹಾಡಿದ್ರಲ್ಲ, ಅದನ್ನ ನೋಡೀನೇ. ನಮ್ಮಜ್ಜಿ ಆಗ ಸ್ಕೂಲ್ ಹುಡುಗಿಯಂತೆ. ಮಾರನೇ ದಿನದಿಂದ ಕ್ಲಾಸಿನವರೆಲ್ಲ ಕನ್ನಡಿ ಮುಂದೆ ಅದೇ ಕೆಲಸವಂತೆ." ಹುಡುಗಿ ಕೈಗವಸಿನ ತುದಿ ಎಳೆದುಕೊಂಡಳು. "ಹಾಡಲ್ಲಿ ಬಿಟ್ಟು ಹೋದೋನ ಹೆಜ್ಜೆ ಸದ್ದಿಗೆ ಕಿವಿ ಕೊಡೋದಲ್ವಾ ಅದು? ನನಗೆ ಈ ಹಾಡಿನ ಹುಚ್ಚು ಹಿಡಿಸಿದ್ದೇ ಆ ಕೈ."

"ಅಯ್ಯೋ, ಅದು ನಮ್ಮಮ್ಮನ ವಿ..." ಎಂದು ಶರೀಸ್ ಬಾಯಿ ತೆರೆದಳು. ಊರುಗೋಲು ಅವಳ ಪಾದದ ಮೇಲೆ ಬಂದು ಕೂತಿತು.

"ಹೌದಮ್ಮಾ, ಕಿವಿ ಕೊಡೋದೇ," ಎಂದಳು ವರ್ಡೆಲ್. "ಆದ್ರೆ ನೀವು ತಲೆ ವಾಲಿಸೋದು ಸಾಲ್ದು. ಏನೋ ಕೈ ಜಾರಿ ಹೋಗ್ತಿದೆ, ಹಿಡೀಲೇಬೇಕು, ಆ ಥರ ಇರ್ಬೇಕು."

"ಹಾಗಾದ್ರೆ... ಹೆಸರು?"

"ಸಂಜೆ ಇನ್ನೊಂದ್ಸಲ ಹಾಡ್ತೀರಲ್ಲ. ನೋಡಿ ಹೇಳ್ತೀನಿ."

ಸಂಜೆಯ ಬಿಸಿಲು ಮರಗಳ ಮೇಲೆ ವಾಲಿತ್ತು. ಪಲ್ಲವಿ ಹತ್ತಿರ ಬಂದಾಗ ವರ್ಡೆಲ್ ವೇದಿಕೆ ನೋಡಲಿಲ್ಲ. ಊರುಗೋಲೂರಿ ಎದ್ದು ಹಿಂದಕ್ಕೆ ತಿರುಗಿದಳು. ತನ್ನ ಓರಗೆಯ ಮುದುಕಿಯರು ಸಾಲು ಸಾಲಾಗಿ ಕೂತಿದ್ದರು. ಯಾರೂ ಹೇಳಿಕೊಡಲಿಲ್ಲ; ಸ್ವರ ಏರಿದ್ದೇ ತಡ, ಕಾಗದದ ಬೀಸಣಿಗೆಗಳೆಲ್ಲ ಮಡಿಲಿಗೆ ಬಿದ್ದವು, ತಲೆಗಳು ವಾಲಿದವು, ಬಲಗೈಗಳು ಮೇಲೆದ್ದವು.

"ಹೆಸರಿನ ಬಗ್ಗೆ ಏನು ಹೇಳ್ತೀಯಾ ಚಿಕ್ಕಮ್ಮ ಅವರಿಗೆ?" ಶರೀಸ್ ಮೆಲ್ಲನೆ ಕೇಳಿದಳು.

"ಇಷ್ಟನ್ನೂ ವಾಪಸ್ ತಗೊಂಡು ಮನೇಲಿ ಎಲ್ಲಿಡ್ಲೇ ನಾನು?"

ನರೆಗೂದಲ ಮೇಲೆ, ಒಣಹುಲ್ಲಿನ ಟೋಪಿಯ ಮೇಲೆ, ಔಷಧಕ್ಕೆ ಕೂದಲೆಲ್ಲ ಉದುರಿದ ಬರಿದಲೆಯೊಂದರ ಮೇಲೂ ಅಂಗೈಗಳು ಒತ್ತಿದ್ದವು. ಬೀಳದ ಹಾಗೆ, ಪಾರ್ಕಿಗೆ ಪಾರ್ಕೇ ಓಝೆಲ್ಲಾಳ ವಿಗ್ಗನ್ನು ಹಿಡಿದುಕೊಂಡಿತ್ತು.