ಗೇಣಿ ಕಡತಗಳ ಕಪಾಟು

ತಾಲ್ಲೂಕು ಕಚೇರಿಯ ಗೇಣಿ ಕಡತಗಳ ಕಪಾಟಿಗೆ ಗುಮಾಸ್ತ ಹಾಕಿದ ಕೀಲಿಕೈ ತಿರುಗಲೇ ಇಲ್ಲ. ಯಾವ ಕಡತ ಯಾರ್ಯಾರ ಕೈಗೆ ಸಿಗುತ್ತದೆಂದು ತಪಾಸಣೆ ಮಾಡಲು ಬಂದಿದ್ದ ಸಾಹೇಬರು ಹುಬ್ಬು ಗಂಟಿಕ್ಕಿದರು.

ಕಿಟಕಿಯಾಚೆ ಜಡೆ ಊರಿನ ಗುಡ್ಡಮ್ಮ ನಿಂತಿದ್ದಳು. ಉಳುವವನೇ ಒಡೆಯನೆಂಬ ಕಾನೂನು ಬಂದಾಗಿನಿಂದ, ತಾನು ಗೇಣಿಗೆ ಮಾಡುವ ಗದ್ದೆಯ ಕಡತ ತೋರಿಸಿರೆಂದು ಅಂಗಲಾಚುತ್ತಿದ್ದಳು. "ಹೊರಗಿನೋರು ಮುಟ್ಟಂಗಿಲ್ಲಮ್ಮ" ಎಂದು ಗುಮಾಸ್ತ ಸಾಗಹಾಕುತ್ತಿದ್ದ.

ಒಳಗೆ ಬೆಂಚಿನ ಮೇಲೆ ಕಾಫಿ ಕುಡಿಯುತ್ತಿದ್ದ ಅವಳ ಗದ್ದೆಯ ಒಡೆಯ ಚಂದ್ರಶೇಖರಪ್ಪನವರು ಲೋಟ ಕೆಳಗಿಟ್ಟು ಎದ್ದರು. ಉಡಿದಾರಕ್ಕೆ ಕಟ್ಟಿದ್ದ ಕೀಲಿಕೈ ಬಿಚ್ಚಿದರು. "ಅವನ್ದು ಸವ್ದೋಗೈತೆ ಸಾಹೇಬ್ರೆ. ಇದ್ರಲ್ಲಿ ತೆಗೀರಿ."

ಇವತ್ತು ಒಡೆಯರು ಸಿಕ್ಕಿಬಿದ್ದರು ಎಂದುಕೊಂಡು ಗುಡ್ಡಮ್ಮ ಕಿಟಕಿಗೆ ಮುಖ ಒತ್ತಿದಳು. ಕಪಾಟು ತೆರೆಯಿತು. ಸಾಹೇಬರು ಒಳಗೆ ಇಣುಕಿ, ಮತ್ತೆ ಬೀಗ ಹಾಕಿ, ಕೀಲಿಕೈಯನ್ನು ಒಡೆಯರ ಅಂಗೈಯಲ್ಲೇ ಇಟ್ಟರು.

"ಜೋಪಾನ ಕಣ್ರೀ," ಎಂದರು. "ಕಂಡಕಂಡೋರ ಕೈಗೆ ಸಿಕ್ಕೀತು."